ಸಿಂಕ್ರೊನೈಸ್_ಎಸ್‌ಆರ್‌ಸಿಯು ಹತ್ತಿರ ಹ್ಯಾಂಗ್, ಲಾಕ್‌ಡೆಪ್ ಮಾತ್ರ ಸುಮ್ಮನಿದೆ

ಪ್ರಶ್ನೆ:
ನಮಸ್ಕಾರ. ನನ್ನ ಲಿನಕ್ಸ್ ಮಾಡ್ಯೂಲ್‌ನಲ್ಲಿ ಸೆನ್ಸರ್‌ಗಳ ಲಿಸ್ಟ್ ಇದೆ. ಓದೋದೇ ಜಾಸ್ತಿ, ಬದಲಾವಣೆ ಅಪರೂಪ ಅಂತ ಆರ್‌ಸಿಯು (ಓದುವವರು ಲಾಕ್‌ಗೆ ಕಾಯದೆ ಓದುವ ಕರ್ನೆಲ್ ವಿಧಾನ; ಹಳೆಯ ಓದುವವರು ಮುಗಿಸಿದ ಮೇಲೇ ಮೆಮೊರಿ ಬಿಡೋದು) ಬಳಸಿದ್ದೆ. ಓದುವ ಕಡೆ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯುವ, ಉಳಿದವರು ನಿದ್ದೆಯಲ್ಲಿ ಕಾಯುವ ಲಾಕ್) ಬೇಕಾಯ್ತು. ಹಾಕಿದ ತಕ್ಷಣ 'ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್' ಬಂತು. ಎಸ್‌ಆರ್‌ಸಿಯುಗೆ (ಓದುವಾಗ ನಿದ್ದೆ ಮಾಡಲು ಬಿಡುವ ಆರ್‌ಸಿಯು) ಬದಲಾಯಿಸಿದೆ, ಆ ಎಚ್ಚರಿಕೆ ಹೋಯ್ತು. ಈಗ ಸೆನ್ಸರ್ ತೆಗೆಯುವಾಗ ಒಮ್ಮೊಮ್ಮೆ ಎಲ್ಲ ನಿಂತುಬಿಡುತ್ತೆ, ಟಾಸ್ಕ್ 120 ಸೆಕೆಂಡಿಗಿಂತ ಹೆಚ್ಚು ಹೊತ್ತು ಬ್ಲಾಕ್ ಆಗಿದೆ ಅಂತ ಲಾಗ್ ಬರುತ್ತೆ.

ತೆಗೆಯುವ ಕೋಡ್: ಮ್ಯೂಟೆಕ್ಸ್ ಹಿಡಿ, ಲಿಸ್ಟ್_ಡೆಲ್_ಆರ್‌ಸಿಯು (ಲಿಸ್ಟಿನಿಂದ ತೆಗೆ), ಸಿಂಕ್ರೊನೈಸ್_ಎಸ್‌ಆರ್‌ಸಿಯು (ಈಗಿರುವ ಓದುವವರು ಮುಗಿಸುವ ತನಕ ಕಾಯಿ), ಕೆಫ್ರೀ (ಮೆಮೊರಿ ಬಿಡು), ಮ್ಯೂಟೆಕ್ಸ್ ಬಿಡು. ಕರ್ನೆಲ್ 5.10. ಲಾಕ್‌ಡೆಪ್ (ಡೆಡ್‌ಲಾಕ್ ಸಾಧ್ಯತೆ ಹುಡುಕುವ ಕರ್ನೆಲ್ ಪರೀಕ್ಷಕ) ಆನ್ ಇದೆ, ಆದರೆ ಏನೂ ಹೇಳಲ್ಲ.

ಉತ್ತರ:
ಹ್ಯಾಂಗ್ ಆದಾಗ ಸಿಸ್‌ರಿಕ್ವೆಸ್ಟ್ ಟ್ರಿಗರ್ ಫೈಲ್‌ಗೆ (ಕರ್ನೆಲ್‌ಗೆ ನೇರ ಆದೇಶ ಕೊಡುವ ಫೈಲ್) ಡಬ್ಲ್ಯು ಬರೆದು, ಬ್ಲಾಕ್ ಆದ ಟಾಸ್ಕ್‌ಗಳ ಸ್ಟ್ಯಾಕ್ ಇಲ್ಲಿ ಹಾಕಿ.

ಪ್ರಶ್ನೆ:
ಎರಡೇ ಇವೆ. ಒಂದು ಸಿಂಕ್ರೊನೈಸ್_ಎಸ್‌ಆರ್‌ಸಿಯು ಒಳಗೆ, ಇನ್ನೊಂದು ಓದುವ ಫಂಕ್ಷನ್‌ನ ಮ್ಯೂಟೆಕ್ಸ್_ಲಾಕ್‌ನಲ್ಲಿ.

ಉತ್ತರ:
ಹಾಗಾದರೆ ಇದು ಡೆಡ್‌ಲಾಕೇ. ಓದುವವನು ಎಸ್‌ಆರ್‌ಸಿಯು ಒಳಗೆ ಹೋಗಿ ಮ್ಯೂಟೆಕ್ಸ್‌ಗೆ ಕಾಯ್ತಿದ್ದಾನೆ. ಮ್ಯೂಟೆಕ್ಸ್ ಇರೋದು ತೆಗೆಯುವವನ ಕೈಯಲ್ಲಿ, ಅವನು ಆ ಓದುವವನೇ ಹೊರಬರಲಿ ಅಂತ ಕೂತಿದ್ದಾನೆ. ಎಸ್‌ಆರ್‌ಸಿಯು_ರೀಡ್_ಲಾಕ್ (ಓದು ಶುರು ಅಂತ ಗುರುತು ಹಾಕೋದು) ಯಾರನ್ನೂ ತಡೆಯಲ್ಲ, ಆದರೆ ಸಿಂಕ್ರೊನೈಸ್ ಮಾಡುವವನು ಅದಕ್ಕೆ ಕಾಯಲೇಬೇಕು. ಹಾಗಾಗಿ ಲಾಕ್ ಆರ್ಡರ್ ಲೆಕ್ಕದಲ್ಲಿ ಅದನ್ನೂ ಲಾಕ್ ಅಂತಲೇ ಎಣಿಸಿ. 5.10ರ ಲಾಕ್‌ಡೆಪ್ ಈ ಕಾಯುವಿಕೆಯನ್ನು ಲೆಕ್ಕಕ್ಕೆ ತಗೊಳ್ಳಲ್ಲ; ಅದು ಸುಮ್ಮನಿದೆ ಅಂತ ಕೋಡ್ ಸರಿ ಅಂದುಕೊಳ್ಳಬೇಡಿ.

ಲಿಸ್ಟ್_ಡೆಲ್_ಆರ್‌ಸಿಯು ಆದ ಕೂಡಲೇ ಮ್ಯೂಟೆಕ್ಸ್ ಬಿಟ್ಟುಬಿಡಿ. ಆಮೇಲೆ ಸಿಂಕ್ರೊನೈಸ್, ಆಮೇಲೆ ಕೆಫ್ರೀ. ಲಿಸ್ಟಿನಿಂದ ಹೋದ ಸೆನ್ಸರ್ ಹೊಸ ಓದುವವರಿಗೆ ಸಿಗಲ್ಲ, ಹಳಬರು ಮುಗಿಸುವ ತನಕ ಮೆಮೊರಿ ಇದ್ದೇ ಇರುತ್ತೆ.

ಇದರ ಜೊತೆ ಇನ್ನೊಂದು ಕೆಲಸ ಆಗಲೇಬೇಕು. ಮ್ಯೂಟೆಕ್ಸ್‌ಗೆ ಕಾಯ್ತಿದ್ದ ಹಳೆಯ ಓದುವವನಿಗೆ ಈಗ ಲಾಕ್ ಸಿಗುತ್ತೆ, ಆದರೆ ಅವನ ಕೈಲಿರೋದು ಲಿಸ್ಟಿನಿಂದ ತೆಗೆದ ಸೆನ್ಸರ್. ಮೆಮೊರಿ ಇದೆ, ಹಾರ್ಡ್‌ವೇರ್ ಇಲ್ಲದೇ ಇರಬಹುದು. ಆದ್ದರಿಂದ ಸ್ಟ್ರಕ್ಟ್‌ನಲ್ಲಿ 'ಡೆಡ್' ಅಂತ ಫ್ಲ್ಯಾಗ್ ಇಡಿ. ತೆಗೆಯುವವನು ಅದೇ ಮ್ಯೂಟೆಕ್ಸ್ ಹಿಡಿದಿರುವಾಗ ಅದನ್ನು ಸೆಟ್ ಮಾಡಲಿ, ಓದುವವನು ಲಾಕ್ ಸಿಕ್ಕಿದೊಡನೆ ಮೊದಲು ಅದನ್ನು ನೋಡಲಿ. ಸೆಟ್ ಆಗಿದ್ದರೆ ಮೈನಸ್ ಇನೋಡೆವ್ ('ಸಾಧನ ಇಲ್ಲ' ಎಂಬ ಎರರ್) ಕೊಟ್ಟು ವಾಪಸ್.

ಪ್ರಶ್ನೆ:
ಮಾಡಿದೆ ಸರ್, ಲೋಡ್ ಹಾಕಿ ರಾತ್ರಿಯಿಡೀ ಬಿಟ್ಟೆ, ಹ್ಯಾಂಗ್ ಇಲ್ಲ. ತುಂಬಾ ಥ್ಯಾಂಕ್ಸ್. ಕಾಯುವುದೇ ಬೇಡ ಅಂತ ಕಾಲ್_ಎಸ್‌ಆರ್‌ಸಿಯು (ಓದುವವರು ಮುಗಿಸಿದ ಮೇಲೆ ಓಡುವ ಕಾಲ್‌ಬ್ಯಾಕ್ ಫಂಕ್ಷನ್ ಕೊಟ್ಟು ಮುಂದೆ ಹೋಗೋದು) ಹಾಕಬಹುದಾ?

ಉತ್ತರ:
ಧಾರಾಳವಾಗಿ. ಆದರೆ ಮಾಡ್ಯೂಲ್ ಎಕ್ಸಿಟ್‌ನಲ್ಲಿ ಮೊದಲು ಎಸ್‌ಆರ್‌ಸಿಯು_ಬ್ಯಾರಿಯರ್ (ಬಾಕಿ ಕಾಲ್‌ಬ್ಯಾಕ್‌ಗಳೆಲ್ಲ ಮುಗಿಯುವ ತನಕ ಕಾಯೋದು), ನಂತರವೇ ಕ್ಲೀನಪ್_ಎಸ್‌ಆರ್‌ಸಿಯು_ಸ್ಟ್ರಕ್ಟ್ (ಎಸ್‌ಆರ್‌ಸಿಯು ಸ್ಟ್ರಕ್ಟ್ ತೆರವು). ಬ್ಯಾರಿಯರ್ ಬಿಟ್ಟರೆ, ಬಾಕಿ ಉಳಿದ ಕಾಲ್‌ಬ್ಯಾಕ್ ಓಡುವ ಹೊತ್ತಿಗೆ ಅದರ ಕೋಡೇ ಮೆಮೊರಿಯಲ್ಲಿ ಇರಲ್ಲ.