ಸ್ಪ್ಲೆಂಡರ್‌ಗೆ 125ರ ಪಿಸ್ಟನ್ ಹಾಕ್ಸಿದ್ರ ಎಳೆತ ಹೆಚ್ಚಾಗತೈತೇನ್ರಿ?

ಜಮಖಂಡಿ ಹಾಲಿನಗಾಡಿ:
ಕಾರ್ಬೊರೇಟರ್ ಇರೋ ಹಳೇ ಸ್ಪ್ಲೆಂಡರ್, 97.2 ಸಿಸಿ. ಹಿಂದ ಎರಡು 20 ಲೀಟರ್ ಕ್ಯಾನ್ ಕಟ್ಟಿದ್ರ ಏರಿನ್ಯಾಗ ಮೂರನೇ ಗೇರಿಗೆ ಇಳಸಬೇಕಾಗತೈತಿ. ಆಯಿಲೂ ತಿನ್ನಾಕತ್ತೈತಿ, ಹೆಂಗೂ ಬೋರ್ ಮಾಡಸೂದ (ಸವೆದ ಸಿಲಿಂಡರ್ ಕೊರೆಸಿ ದೊಡ್ಡದ ಮಾಡಸೂದ) ಐತಿ. "ಅದ್ರಾಗ 125ರ ಪಿಸ್ಟನ್ ಕುಂಡ್ರಿಸಿಬಿಡು, 125ರ ಪಾವರ್ ಬರತೈತಿ" ಅಂತಾರ ಗ್ಯಾರೇಜಿನವ್ರು. ಖರೇನಾ? ಮತ್ತೇನೇನ್ ಬದಲಿ ಮಾಡಬೇಕಾಗತೈತಿ?

ಉದ್ಯಮಬಾಗ ಲೇತ್:
ಖರೆ ಅಲ್ರಿ. ನಿಮ್ಮ ಗಾಡಿ ಬೋರ್ (ಸಿಲಿಂಡರಿನ ಒಳ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮ್ಯಾಲೆ-ಕೆಳಗ ಓಡೋ ದೂರ) 49.5. ಹಳೇ ಶೈನ್ 125ರ ಬೋರ್ 52.4, ಸ್ಟ್ರೋಕ್ 57.8. ಅಂದ್ರ ಅದು 125 ಆಗಿದ್ದು ಬಹಳಷ್ಟು ಸ್ಟ್ರೋಕ್ ಠರಾವು ಮಾಡೋ ಕ್ರ್ಯಾಂಕಿನಿಂದ, ಪಿಸ್ಟನ್ನಿಂದ ಅಲ್ಲ. ಆ ಪಿಸ್ಟನ್ ನಿಮ್ಮ ಕ್ರ್ಯಾಂಕಿಗೆ ಹಾಕಿದ್ರ ಆಗೋದು 106.7 ಸಿಸಿ ಅಷ್ಟ. ವಾಲ್ವ್, ಪೋರ್ಟ್, ಕಾರ್ಬೊರೇಟರ್ ಅವ ಇರತಾವ. ಗಾಳಿ ಒಳಗ ಹೋಗೋ ಬಾಗಲ ಸಣ್ಣದ ಉಳದಮ್ಯಾಲೆ ಖೋಲಿ ದೊಡ್ಡದ ಮಾಡಿ ಏನ್ ಬಂತು?

ಅದಕ್ಕೂ ತ್ರಾಸ ಭಾಳ. ಲೈನರ್ (ಸಿಲಿಂಡರಿನ ಒಳಗಿನ ಗೋಡಿ) ಒಂದೊಂದು ಬದಿ 1.2 ಮಿ.ಮೀ. ತೆಳ್ಳಗಾಗತೈತಿ. ತೆಳ್ಳನ ಲೈನರ್ ಕಾಯ್ದಾಗ ತತ್ತಿ ಆಕಾರಕ್ಕ ತಿರಗತೈತಿ, ಆಮ್ಯಾಲೆ ಹೊಸ ರಿಂಗ್ ಇದ್ರೂ ಹೊಗಿ ಬರೂದ. ಹೆಡ್ ಗ್ಯಾಸ್ಕೆಟ್ಟಿನ ತೂತು ಸಣ್ಣದಿದ್ರ ಅದರ ಅಂಚು ಒಳಗ ಇಣುಕಿ ಕೆಂಪಗ ಕಾಯತೈತಿ, ಪ್ಲಗ್ ಕಿಡಿ ಬಿಡೋಕಿಂತ ಮೊದಲ ಪೆಟ್ರೋಲ್ ಹೊತ್ತತೈತಿ. ಕಂಪ್ರೆಶನ್ (ಒಳಗಿನ ಗಾಳಿ ಎಷ್ಟು ಪಟ್ಟು ಒತ್ತತೈತಿ ಅನ್ನೋ ಲೆಕ್ಕ) 9 ಇದ್ದದ್ದು, ಹೆಡ್ ಹಂಗ ಬಿಟ್ರ, 9.8ರ ಹತ್ರ ಹೋಗತೈತಿ. ಪಿಸ್ಟನ್ನ ಕನೆಕ್ಟಿಂಗ್ ರಾಡಿಗೆ ಸೇರಸೋ ಪಿನ್ನಿನ ವ್ಯಾಸ, ಪಿನ್ನಿನ ನಡುವಿಂದ ತೆಲಿತನಕದ ಎತ್ತರ ಎರಡೂ ಕೂಡಬೇಕು. ತೆಲಿ ಮ್ಯಾಲಿನ ವಾಲ್ವ್ ಕುಳಿ ಕೂಡಲಿಲ್ಲಂದ್ರ ಮೊದಲನೇ ಕಿಕ್ಕಿಗೇ ವಾಲ್ವ್ ಬಾಗತೈತಿ.

ಹೆಂಗೂ ಬೋರ್ ಮಾಡಸ್ತೀರಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ (ಮೂಲದ್ದಕಿಂತ ಅಷ್ಟು ದೊಡ್ಡದು) ಪಿಸ್ಟನ್ ತೊಗೊಳ್ರಿ. ಸವೆದದ್ದು ಎಷ್ಟರಾಗ ಹೋಗತೈತೋ ಅಷ್ಟ ಸಾಕು, ಮುಂದಿನ ಬೋರಿಗೂ ಜಾಗ ಉಳೀತೈತಿ. ಒಂದು ಮಾತು ಬಿಗಿ ಹಿಡೀರಿ: ಪಿಸ್ಟನ್ ಮೊದಲ ತರ್ರಿ, ಆಮ್ಯಾಲೆ ಬ್ಲಾಕ್ ಲೇತಿಗೆ ಕೊಡ್ರಿ. ಡಬ್ಬಿ ಮ್ಯಾಲಿನ ನಂಬರ್ ನೋಡಿ ಬೋರ್ ಹೊಡೀಬಾರ್ದು. ಪಿನ್ನಿಗೆ ಅಡ್ಡ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗದ) ಕೆಳಗಿನ ಅಂಚಿಂದ 10 ಮಿ.ಮೀ. ಮ್ಯಾಲೆ ಮೈಕ್ರೋಮೀಟರ್ ಹಿಡದು ಪಿಸ್ಟನ್ ಅಳೀಬೇಕು. ಬೋರ್ ಅದಕಿಂತ 0.03 ಮಿ.ಮೀ. ದೊಡ್ಡದು. ಕಟಿಂಗ್ 0.04ರಷ್ಟು ಕಡಿಮಿ ನಿಲ್ಲಿಸಿ, ಉಳದದ್ದು ಹೋನಿಂಗಿಗೆ (ಕಲ್ಲಿಂದ ಉಜ್ಜಿ ನಯ ಮಾಡೂದಕ್ಕ) ಬಿಡಬೇಕು. ರಿಂಗ್ ಒಂದ ಬೋರಿನ್ಯಾಗ ಇಳಿಸಿ, ಪಿಸ್ಟನ್ನಿಂದ ನೆಟ್ಟಗ ದೂಡಿ ಫೀಲರ್ ಗೇಜ್ (ಸಂದು ಅಳಿಯೋ ತೆಳ್ಳನ ಪಟ್ಟಿ) ಹಾಕ್ರಿ: ರಿಂಗಿನ ಎರಡು ತುದಿ ನಡುವಿನ ಬಾಯಿ 0.20 ಮಿ.ಮೀ. ಆಜುಬಾಜು ಇದ್ರ ಛಲೋ. ಗ್ಯಾಪ್ ಇಲ್ಲದ್ದ ಹಾಕಿದ್ರ ಕಾಯ್ದಾಗ ರಿಂಗ್ ತುದಿ ಒಂದಕ್ಕೊಂದು ಒತ್ತಿ ಗೋಡಿ ಕೆರೀತೈತಿ.

ಎಲ್ಲಾರೂ ತಪ್ಪೋದು ತೊಳಿಯೂದ್ರಾಗ. ಪೆಟ್ರೋಲಿಂದ ತೊಳೆದ್ರ ಹೋನಿಂಗ್ ಕಲ್ಲಿನ ಪುಡಿ ಹೋಗೂದಿಲ್ಲ, ಗೀರಿನ ಸಂದ್ಯಾಗ ಕುಂತ ಇರತೈತಿ. ಬಿಸಿನೀರು, ಸಾಬಾನ, ಬ್ರಷ್. ಆಮ್ಯಾಲೆ ಬಿಳಿ ಅರಿವಿಗೆ ಆಯಿಲ್ ಹಚ್ಚಿ ಒರಸ್ರಿ. ಅರಿವಿ ಬೂದಿ ಬಣ್ಣ ಆದ್ರ ಮತ್ತೊಮ್ಮೆ ತೊಳೀರಿ. ಹೆಡ್ಡಿಗೆ ಆಯಿಲ್ ಏರೋ ದಾರಿಗೆ ಗಾಳಿ ಹೊಡೀರಿ, ಇಲ್ಲಂದ್ರ ಆ ಪುಡಿ ಕ್ಯಾಮ್ ತಿನ್ನತೈತಿ.

ಗುಮ್ಮಟನಗರಿ:
ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ ಅದ. ಜೋಡಿಸುವಾಗ ಪಿಸ್ಟನ್ ಮ್ಯಾಲಿನ ‘ಐಎನ್’ ಗುರುತು ಕಾರ್ಬೊರೇಟರ್ ಕಡಿಗೆ ಇರ್ಲಿ. ರಿಂಗಿನ ಬಾಯಿಗಳು ಒಂದರ ಸಾಲಿಗೆ ಒಂದು ಬರಬಾರ್ದು, 120 ಡಿಗ್ರಿ ಬಿಟ್ಟು ಹಾಕ್ರಿ. ಪಿನ್ ಲಾಕ್ ಹಳೇದು ಬ್ಯಾಡ. ಹತ್ತು ರೂಪಾಯಿ ಉಳಸಾಕ ಹೋಗಿ ಬ್ಲಾಕಿಗೆ ಗೀರು ಬೀಳ್ತದ. ಲಾಕ್ ಹಾಕುವಾಗ ಕ್ರ್ಯಾಂಕ್ ಬಾಯಿಗೆ ಅರಿವಿ ತುರುಕ್ರಿ, ಒಳಗ ಬಿತ್ತಂದ್ರ ಇಂಜಿನ್ ಪೂರಾ ಬಿಚ್ಚಬೇಕಾಗ್ತದ.

ನಮ್ಮ ಕಡಿ ಏಪ್ರಿಲ್‌ನ್ಯಾಗ 40 ಡಿಗ್ರಿ ಬಿಸಲು. ಹೊಸ ಪಿಸ್ಟನ್ ಜಾಮ್ ಆಗೂದು ಹೆಚ್ಚು ಅವಾಗ. ಮೊದಲ 500 ಕಿ.ಮೀ. ಲೋಡ್ ಬ್ಯಾಡ, 40–45ರ ಮ್ಯಾಲೆ ಬ್ಯಾಡ. ಹಂಗಂತ ಟಾಪ್ ಗೇರಿನ್ಯಾಗ 25ರಾಗ ಗುದ್ದಾಡಸೂದೂ ಬ್ಯಾಡ, ಅದು ಇನ್ನೂ ಕೆಟ್ಟದ್ದು. 500ಕ್ಕ ಆಯಿಲ್ ಬದಲಿಸ್ರಿ, ಮಿನುಗೋ ಪುಡಿ ಕಾಣ್ತದ, ಅಂಜಬ್ಯಾಡ್ರಿ. ಪ್ಲಗ್ ಬಿಚ್ಚಿ ನೋಡ್ರಿ: ಚಹಾಪುಡಿ ಬಣ್ಣ ಇದ್ರ ಜೆಟ್ (ಕಾರ್ಬೊರೇಟರಿನ್ಯಾಗ ಪೆಟ್ರೋಲ್ ಬರೋ ತೂತು) ಸರಿ ಅದ, ಸುಣ್ಣದಂಗ ಬೆಳ್ಳಗಿದ್ರ ಪೆಟ್ರೋಲ್ ಕಡಿಮಿ, ಮೇನ್ ಜೆಟ್ ಒಂದು ನಂಬರ್ ಏರಸ್ರಿ. 0.50ಕ್ಕ ಸಾಮಾನ್ಯವಾಗಿ ಹಳೇ ಜೆಟ್ಟೇ ನಡೀತದ. 2020ರ ನಂತರದ ಬಿಎಸ್-6 ಗಾಡಿ ಇದ್ದವ್ರು ಈ ದಾರಿ ಹಿಡೀಬ್ಯಾಡ್ರಿ, ಅದ್ರಾಗ ಜೆಟ್ ಇಲ್ಲ, ಪೆಟ್ರೋಲ್ ಅಳಿಯೂದು ಕಂಪ್ಯೂಟರು.

ಇನ್ನೊಂದು, ಆರ್‌ಸಿಯಾಗ ಸಿಸಿ ಬರದಿರ್ತದ. ಅನುಮತಿ ಇಲ್ಲದ ಬದಲಾವಣಿಗೆ 2019ರಾಗ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಾಗ ಒಂದೊಂದಕ್ಕ 5000 ರೂಪಾಯಿ ದಂಡ, ಇಲ್ಲಾ 6 ತಿಂಗಳ ತನಕ ಜೈಲು, ಇಲ್ಲಾ ಎರಡೂ ಅದ.

ನವನಗರ ಮಿಸ್ತ್ರಿ:
ನಿಮಗ ಬೇಕಾಗಿದ್ದು ಏರಿನ್ಯಾಗ ಎಳೆತ. ಹಂಗಿದ್ರ ಪಿಸ್ಟನ್ ಯಾಕ, ಮುಂದಿನ ಸ್ಪ್ರಾಕೆಟ್ ಬದಲಸ್ರಿ. 14 ಹಲ್ಲಿಂದು ತಗದು 13 ಹಾಕಿದ್ರ ಎಲ್ಲಾ ಗೇರಿನ್ಯಾಗೂ ನೂರಕ್ಕ ಏಳೂವರಿಕಿಂತ ಹೆಚ್ಚು ಎಳೆತ. ಪೂರ್ತಿ 1 ಮಿ.ಮೀ. ಓವರ್‌ಸೈಜ್ ಹಾಕಿದ್ರೂ ಸಿಸಿ ಏರೋದು ನೂರಕ್ಕ ನಾಲ್ಕು. ಟಾಪ್ ಸ್ಪೀಡ್ ಇಳೀತೈತಿ, ಮೈಲೇಜ್ ಸ್ವಲ್ಪ ಬೀಳತೈತಿ, ಹಾಲಿನ ಗಾಡಿಗೆ ಅದು ನಡೀತೈತಿ. ಸ್ಪೀಡೋಮೀಟರ್ ತಪ್ಪು ತೋರಸೂದಿಲ್ಲ, ಅದರ ವೈರ್ ಮುಂದಿನ ಗಾಲಿಯಿಂದ ಬರತೈತಿ.

ಜಮಖಂಡಿ ಹಾಲಿನಗಾಡಿ:
ಹಂಗಾರ 0.50 ಮತ್ತ 13 ಹಲ್ಲು ಎರಡೂ ಮಾಡಸ್ತೀನ್ರಿ. ಚೈನ್ ಲಿಂಕ್ ಕತ್ತರಸಬೇಕಾಗತೈತೇನು?

ನವನಗರ ಮಿಸ್ತ್ರಿ:
ಬ್ಯಾಡ. ಹಿಂದಿನ ಗಾಲಿ 3 ಮಿ.ಮೀ. ಹಿಂದ ಸರದ್ರ ಸಾಕು, ಅಡ್ಜಸ್ಟರ್‌ನ್ಯಾಗ ಅಷ್ಟು ಜಾಗ ಐತಿಲ್ಲೋ ಮೊದಲ ನೋಡ್ರಿ. ಅಡ್ಜಸ್ಟರ್ ಆಗಲೇ ಕಡೀ ಗೀಟಿಗೆ ಮುಟ್ಟಿದ್ರ ಚೈನ್ ಸವದೈತಿ ಅಂತ ಲೆಕ್ಕ, ಸೆಟ್ಟ ಪೂರಾ ಬದಲಸ್ರಿ. ಸವದ ಚೈನ್ ಹೊಸ ಸ್ಪ್ರಾಕೆಟ್ಟಿನ ಹಲ್ಲು ಗರಗಸದಂಗ ಮಾಡಿಡತೈತಿ.