ಅಪ್‌ಡೇಟ್: ಡಾಕರ್‌ನಲ್ಲಿ ಕೇಳಿದ್ದು
ಸೆನೆಗಲ್‌ಗೆ ಹೊರಡುವ ಮುನ್ನ, ಅಲ್ಲಿನ ರಾಜಧಾನಿ ಡಾಕರ್‌ನಲ್ಲಿ ಯಾವ ಸಂಗೀತ ಕೇಳಬೇಕು ಎಂದು ಇಲ್ಲಿ ವಿಚಾರಿಸಿದ್ದೆ. ಹಳೆಯದರಿಂದ ಶುರುಮಾಡಿ ಎಂದವರಿಗೆ ದೊಡ್ಡ ನಮಸ್ಕಾರ. 1970ರಲ್ಲಿ ಅಲ್ಲಿನ ಕ್ಲಬ್ ಒಂದಕ್ಕಾಗಿ ಕಟ್ಟಿದ ಆರ್ಕೆಸ್ಟ್ರಾ ಬಾವೊಬಾಬ್ ತಂಡವೇ ದಾರಿಯುದ್ದಕ್ಕೂ ಜೊತೆಗಿತ್ತು: ಕ್ಯೂಬಾದ ಲಯ, ಅಲ್ಲಿನ ವೊಲೋಫ್ ಭಾಷೆಯ ಹಾಡುಗಾರಿಕೆ, ಆತುರವೇ ಇಲ್ಲದ ಸ್ಯಾಕ್ಸೊಫೋನ್.

ಆಮೇಲೆ ಗಾಯಕ ಯೂಸು ಎನ್‌ಡೂರ್ ಜಗತ್ತಿಗೆ ಪರಿಚಯಿಸಿದ ಎಂಬಲಾಖ್ ಎಂಬ ನೃತ್ಯ ಸಂಗೀತ. ಮೊಬೈಲ್‌ನಲ್ಲಿ ಬರೀ ಗದ್ದಲವೆನಿಸಿದ್ದು, ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈಯಲ್ಲಿ ಸಬಾರ್ ಡೋಲು ನುಡಿಸುವವರನ್ನು ಎದುರಿಗೇ ಕಂಡಾಗ ಎಳೆಎಳೆಯಾಗಿ ಬಿಡಿಸಿಕೊಂಡಿತು. ಕಂಕುಳಲ್ಲಿ ಒತ್ತಿ ಸ್ವರ ಏರಿಳಿಸುವ ತಮಾ ಎಂಬ ಚರ್ಮವಾದ್ಯವಂತೂ ಕೇರಳದ ಇಡಕ್ಕ ಕೇಳಿ ಬೆಳೆದವರಿಗೆ ತಕ್ಷಣ ಹಿಡಿಸುತ್ತದೆ.

ಕಾರ್ಯಕ್ರಮಗಳು ಕಾವೇರುವುದು ಮಧ್ಯರಾತ್ರಿ ದಾಟಿದ ಮೇಲೆ. ಹೋಗುವವರು ಮಧ್ಯಾಹ್ನವೇ ನಿದ್ದೆ ಮುಗಿಸಿಕೊಳ್ಳಿ. ರ‍್ಯಾಪ್ ಸೂಚಿಸಿದವರೇ, ಪಾಸಿಟಿವ್ ಬ್ಲ್ಯಾಕ್ ಸೋಲ್ ತಂಡ ಪಟ್ಟಿಯಲ್ಲಿದೆ. ಸರದಿ ಇನ್ನೂ ಬಂದಿಲ್ಲ.