ಸಹಾಯ ಬೇಕು: ಹಳೆ ವಿಲ್ಲಿಸ್ ಜೀಪಿನ ಶಾಫ್ಟ್ ಅಳತೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ವಿಲ್ಲಿಸ್ ಸಿಜೆ-3ಬಿ ಇದೆ. ಹರಿಕೇನ್ ಎಂಜಿನ್ ಬಿಚ್ಚಿ ಜೋಡಿಸಿದ್ದಾಯಿತು, ಚೆನ್ನಾಗಿಯೇ ಓಡುತ್ತಿದೆ. ಈಗ ತಲೆನೋವು ಡಾನಾ 18 ಟ್ರಾನ್ಸ್‌ಫರ್ ಕೇಸಿನದು (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ).

ಲೋ ಗೇರಿನಲ್ಲಿ ಏರು ಹತ್ತುವಾಗ ಲಿವರ್ ತಾನಾಗಿ ಹೊರಗೆ ಜಿಗಿಯುತ್ತದೆ. ಬಿಚ್ಚಿ ನೋಡಿದರೆ ಇಂಟರ್‌ಮೀಡಿಯೆಟ್ ಶಾಫ್ಟ್ (ನಡುವಿನ ಗೇರ್ ಕೂರುವ ದಂಡ) ಸವೆದು ಗೀರು ಬಿದ್ದಿದೆ, ಸೂಜಿ ಬೇರಿಂಗುಗಳೂ ಹೋಗಿವೆ. ಈ ಶಾಫ್ಟ್ ಮೂರು ದಪ್ಪದಲ್ಲಿ ಬಂದಿದೆ: ಮೊದಲು ಮುಕ್ಕಾಲು ಇಂಚು, ಆಮೇಲೆ 1⅛, ಕೊನೆಗೆ ಒಂದೂಕಾಲು. ನನ್ನದು 1⅛. ಮೂರರ ಕೇಸೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕ್ಯಾಲಿಪರ್ ಹಿಡಿದು ಶಾಫ್ಟಿನ ದಪ್ಪ ಅಳೆಯದೆ ಪಾರ್ಟ್ ತರಿಸಿದರೆ ಕೆಟ್ಟಿರಿ ಅಂತಲೇ ಅರ್ಥ. ನಾನು ಒಮ್ಮೆ ಹಾಗೆ ತರಿಸಿ ಪೆಚ್ಚಾದೆ.

ಕೇಸಿನ ತೂತು ಕೊರೆಸಿ, ದಪ್ಪ ಶಾಫ್ಟಿಗೆ ಹೊಂದುವ ಗೇರ್ ಹಾಕಿದವರು ಯಾರಾದರೂ ಇದ್ದೀರಾ? ತೂತಿನ ಸೆಂಟರ್ ತಪ್ಪದ ಹಾಗೆ ಹೇಗೆ ಕೊರೆಸಿದಿರಿ? ಅಥವಾ ಸುಮ್ನೆ 1⅛ರ ರಿಪೇರಿ ಕಿಟ್ಟನ್ನೇ ಹಾಕುವುದು ವಾಸಿಯಾ?

ಇನ್ನೊಂದು. ಗೇರ್‌ಬಾಕ್ಸಿನ ಆಯಿಲ್ ಮೆಲ್ಲಗೆ ಟ್ರಾನ್ಸ್‌ಫರ್ ಕೇಸಿಗೆ ಇಳಿಯುತ್ತಿದೆ. ನಡುವೆ ಸೀಲ್ ಹಾಕಿ ನಿಲ್ಲಿಸಿದವರಿದ್ದರೆ ಫೋಟೋ ಹಾಕಿ, ಪ್ಲೀಸ್.